ಶಾಂತಾಳ ಮಷೀನು, ನನ್ನ ಕೊಡ

ಕೈಕಾಲು ಬಿದ್ದುಹೋದ ಮೇಲೆ ನನಗೆ ಎಲ್ಲಕ್ಕಿಂತ ಮೊದಲು ವಾಪಸ್ಸು ಬಂದದ್ದು ಹೊಟ್ಟೆಕಿಚ್ಚು. ಬೆರಳು ಆಡುವುದಕ್ಕೂ ಮೊದಲು, ಕುತ್ತಿಗೆ ನಿಲ್ಲುವುದಕ್ಕೂ ಮೊದಲು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಅಂಗಾತ ಮಲಗಿದ್ದೆ. ನನ್ನ ನೆಗೆಣ್ಣಿ ಶಾಂತಾ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ಮಂಚದ ಪಕ್ಕ ನಿಂತು ಒಂದು ಕೈಯಲ್ಲಿ ನನ್ನ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಗಂಟುಗಟ್ಟಿದ ಕೂದಲು ಬಾಚುತ್ತಿದ್ದಳು. ಅಲ್ಲಿಗೆ ಸೇರಿದ ಮೇಲೆ ಯಾರೂ ಬಾಚಿರಲಿಲ್ಲ. ಎಷ್ಟು ಹಿತವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆಕೆ ಅದನ್ನು ಸೆರಗಿನಿಂದ ಒರೆಸಿ, "ಅಳಬ್ಯಾಡಕ್ಕ, ನಾ ಅದೀನಲ್ಲ" ಅಂದಳು. ಬಳೆ ತುಂಬಿದ ಆ ಗಟ್ಟಿ ಕೈಯನ್ನೇ ನೋಡುತ್ತಾ ನಾನು ಅಂದುಕೊಂಡದ್ದು ಒಂದೇ ಮಾತು: ಈ ಕಾಯಿಲೆ ಇವಳಿಗೆ ಯಾಕೆ ಬರಲಿಲ್ಲ?

ಹಾಸಿಗೆ ಹಿಡಿದವರು ಶಾಂತರಾಗುತ್ತಾರೆ, ಸಣ್ಣತನ ಬಿಡುತ್ತಾರೆ ಅಂತೆಲ್ಲ ಹೇಳುತ್ತಾರೆ. ನನಗಂತೂ ಹಾಗೇನೂ ಆಗಲಿಲ್ಲ. ನೀವೂ ಎಲ್ಲೋ ಮಲಗಿಕೊಂಡು, ನಿಮಗೆ ಗಂಜಿ ಕುಡಿಸುವವರ ಕೈಯನ್ನೇ ನೋಡಿ ಉರಿಯುತ್ತಿದ್ದರೆ, ನಾಚಿಕೊಳ್ಳಬೇಡಿ. ನಿಮ್ಮ ಜೊತೆಗೆ ನಾನೊಬ್ಬಳಿದ್ದೇನೆ.

ನಾವು ಕೂಡ್ಲಿಗಿಯವರು. ನಮ್ಮ ಮನೆಯವರಿಗೆ ಮೋಟಾರು ರಿಪೇರಿ ಅಂಗಡಿ, ಮಗ ಮಂಜುವೂ ಅದರಲ್ಲೇ ಇದ್ದಾನೆ. ನನ್ನದು ರೊಟ್ಟಿ. ಜೋಳದ ರೊಟ್ಟಿ ಬಡಿದು ಖಾನಾವಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದೆ. ನನ್ನ ರಟ್ಟೆ ನೋಡಿ ಓಣಿಯ ಹೆಂಗಸರು "ರತ್ನಕ್ಕ ಗಂಡಸರ ಕೂಡ ಕುಸ್ತಿಗೆ ಬಿದ್ರೂ ಗೆಲ್ತಾಳ" ಎಂದು ನಗುತ್ತಿದ್ದರು. ಶಾಂತಾ ಪಕ್ಕದ ಮನೆ. ನಡುವೆ ಒಂದೇ ಗೋಡೆ. ಆಕೆಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ನನ್ನ ಹತ್ತಿರವೇ ಒಯ್ಯುತ್ತಿದ್ದಳು. ಆಗ ನನಗೆ ಆಕೆಯ ಮೇಲೆ ಬಹಳ ಪ್ರೀತಿಯಿತ್ತು.

ಮಂಜುವಿಗೆ ಕೊಟ್ಟೂರಿನ ಹುಡುಗಿಯ ಜೊತೆ ನಿಶ್ಚಿತಾರ್ಥವಾದ ಮೇಲೆ ನನಗೆ ಹೊಟ್ಟೆ ಕೆಟ್ಟು ಜ್ವರ ಬಂತು. ವಾಸಿಯೂ ಆಯಿತು. ಆಮೇಲೊಂದು ದಿನ ಸಂತೆಯಿಂದ ಬರುತ್ತಿರುವಾಗ ಹಿಂದೆ ಯಾರೋ ಕೂಗಿದರು: "ರತ್ನಕ್ಕಾ, ನಿನ್ನ ಚಪ್ಪಲಿ ಇಲ್ಲೇ ಬಿದ್ದೈತಲ್ಲಬೇ!" ತಿರುಗಿ ನೋಡಿದರೆ ಹೌದು. ಕಾಲಿನಿಂದ ಚಪ್ಪಲಿ ಕಳಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಮಾರನೆಯ ದಿನ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೈ ಎತ್ತಿದರೆ ಕೈ ಮೇಲೆ ಬರಲಿಲ್ಲ. ಒಲೆಯ ಮುಂದಿನಿಂದ ಏಳಲು ಹೋದರೆ ಕಾಲೂ ಏಳಲಿಲ್ಲ. ಹೆಂಚು ಹೊಗೆಯಾಡುತ್ತಿತ್ತು, ನಾನು ಹಿಟ್ಟಿನ ಕೈಯಲ್ಲೇ ಕೂತು "ರೀ, ರೀ" ಎಂದು ಕೂಗುತ್ತಿದ್ದೆ.

ಒಬ್ಬರು ಗಾಳಿ ಸೋಕಿದೆ ಎಂದರು, ಒಬ್ಬರು ಅಮ್ಮನ ಹರಕೆ ಮರೆತಿದ್ದೀರಿ ಎಂದರು. ನಮ್ಮ ಮನೆಯವರು ಎಲ್ಲರಿಗೂ ಹೂಂ ಎನ್ನುತ್ತಲೇ ಗಾಡಿ ಮಾಡಿಕೊಂಡು ಬಳ್ಳಾರಿಗೆ ಹೊರಟರು. ಅಲ್ಲಿ ಒಳಗೆ ನಾನು, ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು. ಒಳಗಿನಿಂದ ಯಾರ ಹೆಸರು ಕೂಗಿದರೂ ಎದ್ದು ನಿಲ್ಲುತ್ತಿದ್ದರಂತೆ. ಡಾಕ್ಟರು ಇದು ನರಕ್ಕೆ ಬಂದ ಕಾಯಿಲೆ ಎಂದಾಗ ಇವರು ಕೇಳಿದರಂತೆ, "ವೈಂಡಿಂಗ್ ತಂತೀನ ಸುಟ್ಟೈತೇನ್ರಿ ಸರ, ಇಲ್ಲಾ ತಂತಿ ಮ್ಯಾಲಿನ ವಾರ್ನಿಷ್ ಅಷ್ಟ ಹೋಗೈತೇನ್ರಿ?" ಡಾಕ್ಟರಿಗೆ ನಗು ಬಂತಂತೆ. ವಾರ್ನಿಷ್ ಅಷ್ಟೇ, ಮತ್ತೆ ಬರುತ್ತೆ, ಆದರೆ ತಡ ಆಗುತ್ತೆ ಎಂದರಂತೆ. ಆ ದಿನ ನಮ್ಮ ಮನೆಯವರು ಹೊರಗೆ ಹೋಗಿ ಹೊಟ್ಟೆತುಂಬ ಇಡ್ಲಿ ತಿಂದು ಬಂದರು. ಅದನ್ನು ಕೇಳಿ ನನಗೂ ಧೈರ್ಯ ಬಂತು.

ಮನೆಗೆ ಬಂದಾಗ ನಾನು ಒಂದು ಮೂಟೆ. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. ಮಂಜುವಿನ ಮದುವೆ ಮುಂದಕ್ಕೆ ಹೋಯಿತು. ಬೀಗರು ಒಳ್ಳೆಯವರು, ಕಾಯುತ್ತೇವೆ ಎಂದರು. ಆದರೆ ಎಷ್ಟು ದಿನ ಕಾಯಿಸುವುದು?

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆಯ ಹಿಂದಿನ ದಿನ ಮುತ್ತೈದೆಯರು ಹೋಗಿ ಗಂಗೆಯನ್ನು ಪೂಜಿಸಿ ಕೊಡದಲ್ಲಿ ಮನೆಗೆ ತರಬೇಕು. ಹಿಂದೆ ಬಾವಿಯಿಂದ ತರುತ್ತಿದ್ದರು. ಬಾವಿ ಮುಚ್ಚಿದ ಮೇಲೆ ಗಂಗಮ್ಮ ಓಣಿ ತುದಿಯ ಟ್ಯಾಂಕಿನ ನಲ್ಲಿಗೆ ಬಂದು ನೆಲೆಸಿದ್ದಾಳೆ. ಮೊದಲ ಕೊಡ ಗಂಡಿನ ತಾಯಿಯದು. ನಮ್ಮತ್ತೆ ಹೊತ್ತ ತಾಮ್ರದ ಕೊಡ ಅಟ್ಟದ ಮೇಲಿತ್ತು. ಮಂಜು ಹುಟ್ಟಿದ ದಿನದಿಂದಲೂ ನಾನು ಆ ಕೊಡದ ಮೇಲೆ ಕಣ್ಣಿಟ್ಟವಳು.

ಶಾಂತಾ ನನಗೆ ಗಂಜಿ ಕುಡಿಸುತ್ತಾ ಒಂದು ಮಧ್ಯಾಹ್ನ ಅಂದಳು, "ಗಂಗಿ ತರೋದಕ್ಕ ನೀ ಚಿಂತಿ ಮಾಡಬ್ಯಾಡಕ್ಕ. ನಾನೂ ತಾಯಿ ಇದ್ದಂಗ ಅಲ್ಲೇನು? ಮೊದಲ್ನೇ ಕೊಡ ನಾ ಹೊರ್ತೀನಿ."

ಗಂಜಿ ನೆತ್ತಿಗೆ ಹತ್ತಿತು. ನನ್ನ ಮಗನ ಮದುವೆಯಲ್ಲಿ ನನ್ನ ಕೊಡ ಇವಳ ಸೊಂಟದ ಮೇಲೆ! ಆಕೆ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ನನಗೆ ಗೊತ್ತು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಒಂದು ಜಗಳ ತೆಗೆದು ಹಗುರಾಗುತ್ತಿದ್ದೆ. ಆ ಸಂಜೆ ಮಂಚದ ಮೇಲೆ ನನ್ನ ಕಾಲ ಹೆಬ್ಬೆರಳು ಅಲುಗಾಡಿತು. ಅದು ಔಷಧದಿಂದಲೇ ಎಂದು ಡಾಕ್ಟರು ಹೇಳಿದರು. ನಾನು ವಾದ ಮಾಡಲಿಲ್ಲ.

ನಿಧಾನಕ್ಕೆ ಕೂತೆ, ಗೋಡೆ ಹಿಡಿದು ನಿಂತೆ. ಬಸ್‌ಸ್ಟ್ಯಾಂಡಿನ ಹತ್ತಿರ ಫಿಸಿಯೋ ಮಾಡುವ ಹರಪನಹಳ್ಳಿಯ ಹುಡುಗಿ ಸುಮಾ ಮನೆಗೇ ಬಂದು ಕೈಕಾಲು ಆಡಿಸಿ ಹೋಗುತ್ತಿದ್ದಳು. "ನರ ಸರಿಯಾಗ್ತೈತೆ ಆಂಟಿ. ಆದ್ರೆ ಮಾಂಸ ಕರಗಿ ಹೋಗೈತೆ. ಇನ್ನು ಭಾರ ಎತ್ತಿ ಶಕ್ತಿ ತರಿಸ್ಕಬೇಕು. ದಣಿಯೋ ಮಟ ಮಾಡಬ್ಯಾಡ್ರಿ, ದಣಿವಿಗೆ ಮುಂಚೆ ನಿಲ್ಲಿಸ್ರಿ" ಎಂದಳು.

ಅಷ್ಟು ಹೇಳಿ ಆಕೆ ಹೋದಳು. ನಮ್ಮ ಮನೆಯಲ್ಲಿ ಎರಡು ಪಕ್ಷವಾಯಿತು. ಮಂಜು ಫೋನಿನಲ್ಲಿ ಅದೆಷ್ಟು ವಿಡಿಯೋ ನೋಡಿದನೋ, "ಡಂಬೆಲ್ಸ ಬೇಷ್ ಯವ್ವಾ. ಕೈಯಾಗ ಹಿಡಿದು ಎತ್ತಿದ್ರ ಮೈಯೆಲ್ಲಾ ಕೆಲಸ ಮಾಡ್ತೈತಿ" ಎಂದ. ಅವನಪ್ಪ ಮಷೀನಿನ ಕಡೆ. "ಮಷೀನ್ ಅಂದ್ರ ಹಾದಿ ಬಿಟ್ಟು ಅತ್ತಿತ್ತ ಹೋಗಂಗಿಲ್ಲಲೇ. ನಿಮ್ಮವ್ವ ನಿಂತರ ಓಲಾಡ್ತಾಳ, ಕೈಯಾಗ ಕಬ್ಬಿಣ ಕೊಡ್ತೀಯೇನು?" ತಂದೆ ಮಗ ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. ಎತ್ತಬೇಕಾದವಳನ್ನು ಯಾರೂ ಕೇಳಲಿಲ್ಲ.

ಮಂಜು ಹೊಸಪೇಟೆಯಿಂದ ಒಂದು ಜೊತೆ ಡಂಬೆಲ್ಸ್ ತಂದೇಬಿಟ್ಟ. ಮೊದಲ ದಿನವೇ ಬಲಗೈಯದು ಜಾರಿ ನನ್ನ ಪಾದದ ಪಕ್ಕದಲ್ಲಿ ಬಿತ್ತು. ಟೈಲ್ಸು ಒಡೆಯಿತು. ಪಾದದ ಮೇಲೆ ಬಿದ್ದಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿದಿತ್ತು. ನಮ್ಮ ಮನೆಯವರು ಮಗನ ಮುಖವನ್ನು ಒಮ್ಮೆ ನೋಡಿದರು ಅಷ್ಟೇ. ಡಂಬೆಲ್ಸ್ ಮಂಚದ ಕೆಳಗೆ ಸೇರಿದವು.

ಮಷೀನು ಯಾರ ಮನೆಯಲ್ಲಿತ್ತು? ಬೇರೆ ಯಾರ ಮನೆಯಲ್ಲಿ ಇದ್ದೀತು!

ಶಾಂತಾ ತನಗೆ ಸಕ್ಕರೆ ಕಾಯಿಲೆ ಬರಬಾರದೆಂದು, ಬಂದದ್ದಲ್ಲ, ಬರಬಾರದೆಂದು, ಗಂಡನಿಗೆ ಹೇಳಿ ಒಂದು ದೊಡ್ಡ ಮಷೀನು ತರಿಸಿದ್ದಳು. ಕೂತು ಎಳೆಯುವುದು, ಕೂತು ಒದೆಯುವುದು, ಎಲ್ಲ ಅದರಲ್ಲೇ. ಹಿಂದೆ ಕಬ್ಬಿಣದ ತಟ್ಟೆಗಳ ಅಡಕಿಲು, ಯಾವ ತಟ್ಟೆಗೆ ಗೂಟ ಸಿಗಿಸುತ್ತೀರೋ ಅಲ್ಲಿಯವರೆಗಿನ ಭಾರ ಏಳುತ್ತದೆ, ಗೂಟ ಕೆಳಗಿಳಿದಷ್ಟೂ ಭಾರ ಹೆಚ್ಚು. "ನಮ್ಮ ಮನ್ಯಾಗ ಇಟ್ಕಂಡು ನೀವ್ಯಾಕ ಹೊಸಾದು ತರ್ತೀರಿ? ಬಾರಕ್ಕ" ಎಂದು ತಾನೇ ನನ್ನ ತೋಳು ಹಿಡಿದು ಕರೆದೊಯ್ದಳು.

ಮಷೀನಿನ ಗುಣದ ಬಗ್ಗೆ ಸುಳ್ಳಾಡಬಾರದು. ಬೆನ್ನಿಗೆ ಆನಿಕೆ, ಕಾಲಿಗೆ ಜಾಗ, ಕೈ ಸೋತು ಬಿಟ್ಟರೂ ಭಾರ ನನ್ನ ಮೇಲೆ ಬೀಳುವುದಿಲ್ಲ. ಬೀಳುವ ಹೆದರಿಕೆ ಇಲ್ಲದೆ ಎಷ್ಟೋ ದಿನಗಳ ಮೇಲೆ ಮೈಗೆ ಕೆಲಸ ಕೊಟ್ಟೆ. ಮೊದಲ ತಟ್ಟೆ ಟಣ್ ಎಂದು ಎದ್ದಾಗ ಸುಮಾ ಚಪ್ಪಾಳೆ ತಟ್ಟಿದಳು. ಶಾಂತಾಳೂ ತಟ್ಟಿದಳು. ಆಮೇಲೆ ನಾನು ಇಳಿದ ಸೀಟಿನ ಮೇಲೆ ತಾನು ಕೂತು, ನನ್ನ ಗೂಟ ಕಿತ್ತು ಎಲ್ಲೋ ಕೆಳಗೆ ಸಿಗಿಸಿ, ಗಿಣಿಯಂತೆ ಮಾತಾಡುತ್ತಲೇ ಎಳೆದಳು. "ನೋಡಕ್ಕ, ಸಲೀಸು ಐತಿ." ನನ್ನ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ನನ್ನ ಲೋಕ ಆ ಗೂಟ. ಆಕೆಯ ಗೂಟ ಎಲ್ಲಿದೆ, ನನ್ನದು ಎಲ್ಲಿದೆ. ಮನೆಯಲ್ಲಿ ಮೊಟ್ಟೆ ತಿಂದೆ, ಶೇಂಗಾ ತಿಂದೆ, ಹೆಸರುಕಾಳು ತಿಂದೆ. ಶಾಂತಾಳ ತೋಳು ಕಂಡಾಗಲೆಲ್ಲ ನನ್ನ ಸೆರಗು ಎಳೆದು ನನ್ನ ತೋಳು ಮುಚ್ಚಿಕೊಂಡೆ. ಆಕೆ ಮೆಟ್ಟಿಲು ಹತ್ತುವ ಸಪ್ಪಳ ಗೋಡೆಯಾಚೆ ಕೇಳಿದರೂ ನನಗೆ ಸಂಕಟ. ನನ್ನ ಗೂಟ ಒಂದೊಂದೇ ತಟ್ಟೆ ಇಳಿಯಿತು. ಕೊನೆಗೊಂದು ದಿನ ಆಕೆಯ ಗೂಟ ಇದ್ದಲ್ಲೇ ಬಿಟ್ಟು, ಹಲ್ಲು ಕಚ್ಚಿ ಎಳೆದೆ. ಎದ್ದಿತು! ಶಾಂತಾ ಅಡಿಗೆ ಮನೆಯಲ್ಲಿದ್ದಳು. ನೋಡಲಿಲ್ಲ. ಕರೆದು ತೋರಿಸೋಣವೆಂದರೆ ಎರಡನೇ ಸಲ ಏಳಲಿಲ್ಲ.

ಆದರೂ ಗೆದ್ದೆ ಎಂದುಕೊಂಡೆ. ಮನೆಗೆ ಬಂದವಳೇ ಸ್ಟೀಲಿನ ಕೊಡ ತುಂಬಿಸಿ ಸೊಂಟಕ್ಕೆ ಎತ್ತಿದೆ. ಎತ್ತಿದ್ದೇನೋ ಹೌದು. ಒಳಗೆ ನೀರು ತುಳುಕಿತು, ಕೊಡ ಒಂದು ಕಡೆ ವಾಲಿತು, ಅದರ ಹಿಂದೆ ನಾನೂ ವಾಲಿದೆ. ಬಚ್ಚಲಿನ ತುಂಬ ನೀರು, ನಡುವೆ ನಾನು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಶಾಂತಾ ಓಡಿ ಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಿದಳು. ಎತ್ತುವುದಕ್ಕೂ ಇವಳೇ ಬೇಕೇ ಎಂದು ನಾನು ಅತ್ತೆ. ಆಕೆ ಪೆಟ್ಟಾಗಿದೆಯೆಂದು ತಿಳಿದು ಎಣ್ಣೆ ತಿಕ್ಕಿದಳು.

ಸುಮಾ ಬಂದು ಬೈದಳು. "ಮಷೀನು ನಿಮ್ಮ ಬೆನ್ನು ತಾನು ಹಿಡ್ಕಂಡಿರ್ತೈತೆ ಆಂಟಿ, ಹಾದಿನೂ ಅದೇ ತೋರಿಸ್ತೈತೆ. ಕೊಡದಾಗಿನ ನೀರು ಯಾರ ಮಾತು ಕೇಳ್ತೈತೆ? ಅದನ್ನ ನೀವೇ ಹಿಡಿಬೇಕು. ಮಷೀನು ಬಿಡಬ್ಯಾಡ್ರಿ, ಅದ್ರ ಜೊತೆ ಕೊಡಾನೂ ಶುರು ಮಾಡ್ರಿ. ಮೊದ್ಲು ಬರೇ ಕೊಡ ಸೊಂಟದ ಮೇಲೆ ಇಟ್ಕಂಡು ನಡಿರಿ. ಆಮೇಲೆ ನೀರು."

ಬರೇ ಕೊಡ. ಓದಿದ ಹುಡುಗಿ, ಆಕೆಗೆ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ಕೊಡ ಹೊರುವ ಹಟದಲ್ಲಿ ನನಗೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಪ್ಲಾಸ್ಟಿಕ್ ಕೊಡ ಸೊಂಟಕ್ಕಿಟ್ಟು ಓಣಿಗೆ ಇಳಿದೆ. ನಮ್ಮ ಮನೆಯವರು ಹಿಂದೆ ಎರಡೂ ಕೈ ಚಾಚಿಕೊಂಡು, ಕೋಳಿ ಹಿಡಿಯುವವರ ಹಾಗೆ ಬರುತ್ತಿದ್ದರು. ಅದೇ ಹೊತ್ತಿಗೆ ಶಾಂತಾ ರೇಷ್ಮೆ ಸೀರೆ ಉಟ್ಟು, ಗಂಡನ ಜೊತೆ ಬಾಗಿಲು ದಾಟಿದಳು. ಮಗಳು ಪೂಜಾಗೆ ಹರಪನಹಳ್ಳಿಯಲ್ಲಿ ಒಂದು ಸಂಬಂಧ ಬಂದಿತ್ತು, ಗಂಡಿನ ಮನೆ ನೋಡಲು ಹೊರಟಿದ್ದರು. ಎದುರಿಗೆ ನಾನು. ಸೊಂಟದ ಮೇಲೆ ಬರಿಗೊಡ.

ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಹೊರಟವರ ಎದುರು ಬರಿಗೊಡ ಬಂದರೆ ಆ ಕೆಲಸ ಕೆಟ್ಟಿತೆಂದೇ ಲೆಕ್ಕ. ಇಬ್ಬರೂ ನಿಂತಲ್ಲೇ ನಿಂತರು. ಆಮೇಲೆ ಮಾತಿಲ್ಲದೆ ಒಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಟರು. ನಾನು ಬೇಕೆಂದು ಮಾಡಲಿಲ್ಲ, ದೇವರಾಣೆ. ಆದರೆ ಆ ರೇಷ್ಮೆ ಸೀರೆ ತಿರುಗಿ ಒಳಗೆ ಹೋದಾಗ ನನಗೆ ಸಂತೋಷವಾಗಲಿಲ್ಲ ಎಂದು ಆಣೆ ಮಾಡಲಾರೆ.

ಸಂಬಂಧ ಕೂಡಿ ಬರಲಿಲ್ಲ. ಶಾಂತಾ ನೇರ ನಮ್ಮ ಪಡಸಾಲೆಗೆ ಬಂದು ನಿಂತಳು.

"ಒಳ್ಳೆ ಕೆಲಸಕ್ಕ ಹೊಂಟಾಗ ಬರಿಗೊಡ ಹಿಡಕಂಡು ಎದುರಿಗೆ ಬರ್ತಾರೇನಕ್ಕ?"

"ನಾ ಏನು ಬೇಕಂತ ಬಂದೆನೇನ? ಆ ಹುಡುಗಿ ಹೇಳಿದ್ಲು, ಮಾಡಿದೆ."

"ನನಗ ತಿಳಿಯಂಗಿಲ್ಲ ಅಂದ್ಕಂಡೀಯೇನು? ದವಾಖಾನಿಯಾಗ ತಲಿ ಬಾಚುವಾಗಿಂದ ನೋಡಾಕತ್ತೀನಿ, ನೀ ನನ್ನ ಕೈ ಹೆಂಗ ನೋಡ್ತಿದ್ದಿ ಅಂತ. ಆದ್ರೂ ಬಾಚಿದೆ. ಹೊಟ್ಟಿಕಿಚ್ಚಿಗೂ ಒಂದು ಮಿತಿ ಇರಬೇಕಕ್ಕ!"

ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದನ್ನು ಆಕೆ ಮೊದಲ ದಿನವೇ ನೋಡಿದ್ದಳು. ಗೊತ್ತಿದ್ದೂ ಗಂಜಿ ಕುಡಿಸಿದ್ದಳು. ಇದರಲ್ಲೂ ಇವಳದೇ ಮೇಲುಗೈ ಎಂದು ನನಗೆ ಮತ್ತಷ್ಟು ಉರಿಯಿತು.

ಆಕೆಯ ಬಾಗಿಲು ಮುಚ್ಚಿತು. ಕಿಟಕಿಯಿಂದ ನೋಡಿದರೆ ಮಷೀನಿನ ಮೇಲೆ ಹಳೆಯ ಬೆಡ್‌ಶೀಟು ಹೊದೆಸಿದ್ದಳು. ನಮ್ಮ ಮನೆಯವರು, "ಸುಮ್ನಿರು, ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು?" ಎಂದರು. ಬೀಗರ ಮನೆಯಿಂದ ಮುಹೂರ್ತ ಇಡಿಸಿದ ಸುದ್ದಿಯೂ ಬಂತು. ಇನ್ನು ನನಗೆ ಉಳಿದದ್ದು ಕೊಡ ಒಂದೇ.

ಬರಿಗೊಡ ಹಿಡಿದು ಮತ್ತೆ ಓಣಿಗೆ ಇಳಿಯುವ ಹಾಗಿರಲಿಲ್ಲ. ಅದಕ್ಕೆ ಕೊಡದೊಳಗೆ ಒಂದು ಚೊಂಬು ನೀರು ಹಾಕಿಕೊಂಡೆ. ಶಕುನಕ್ಕೂ ಆಯಿತು, ಭಾರಕ್ಕೂ ಆಯಿತು. ಒಂದು ಚೊಂಬು ನೀರು ಕೊಡದ ತಳದಲ್ಲಿ ಹೇಗೆ ಓಡಾಡುತ್ತದೆ ಎಂಬುದು ಹೊತ್ತವರಿಗೇ ಗೊತ್ತು. ಅದು ಎಡಕ್ಕೆ ಹೋದರೆ ನಡು ಬಲಕ್ಕೆ ಎಳೆಯಬೇಕು. ಮಷೀನಿನ ಮೇಲೆ ಒಂದು ದಿನವೂ ನೋಯದ ಜಾಗಗಳು, ಪಕ್ಕೆ, ಹಿಮ್ಮಡಿ, ಬೆರಳ ಸಂದು, ಎಲ್ಲ ನೋಯತೊಡಗಿದವು. ಒಂದು ಚೊಂಬಿಗೆ ಮೈ ಒಗ್ಗಿತೆಂದರೆ ಇನ್ನೊಂದು. ಮೈ ಒಲ್ಲೆ ಎಂದ ದಿನ ಚೊಂಬು ಕಡಿಮೆ. ಪ್ಲಾಸ್ಟಿಕ್ ಹೋಗಿ ಸ್ಟೀಲು ಬಂತು. ನಮ್ಮ ಮನೆಯವರ ಕೈ ನನ್ನಿಂದ ಸ್ವಲ್ಪ ದೂರ ಹೋಯಿತು, ಆಮೇಲೆ ಅವರು ಬೀಡಿ ಹಚ್ಚಿಕೊಂಡು ಕಟ್ಟೆಯ ಮೇಲೇ ಕೂರತೊಡಗಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾವ ಡಾಕ್ಟರೂ ಕೊಡಲಿಲ್ಲ.

ಒಂದು ಬೆಳಿಗ್ಗೆ ಟ್ಯಾಂಕಿನ ಹತ್ತಿರ ಕೊಡ ತುಂಬಿಸಿಕೊಂಡು ತಿರುಗಿದರೆ ಶಾಂತಾಳ ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಒಳಗೆ ರೇಷ್ಮೆ ಸೀರೆಯ ಅಂಚು. ಹೂವಿನಹಡಗಲಿಯ ಕಡೆಯಿಂದ ಪೂಜಾಗೆ ಇನ್ನೊಂದು ಸಂಬಂಧ ಬಂದದ್ದು ಓಣಿಗೆಲ್ಲ ಗೊತ್ತಿತ್ತು. ಆಕೆಯ ಗಂಡ ಗಾಡಿ ಶುರು ಮಾಡಿಕೊಂಡು ರೇಗುತ್ತಿದ್ದ.

"ಬಾರಲೇ, ಹೊತ್ತಾತು! ಯಾರ ಸಲುವಾಗಿ ಕಾಯಾಕತ್ತಿ?"

"ತಡೀರಿ ಸ್ವಲ್ಪ. ಅಕ್ಕ ತುಂಬಿದ ಕೊಡ ತರಾಕತ್ಯಾಳ."

ಆಹಾ! ನನ್ನ ಜೀವಮಾನದಲ್ಲಿ ಅಷ್ಟು ಸೊಗಸಾಗಿ ನಿಧಾನ ನಡೆದದ್ದಿಲ್ಲ. ನಡುವೆ ನಿಂತು ಎದುರು ಮನೆಯವಳ ಜೊತೆ ಬೆಂಡೆಕಾಯಿಯ ವಿಚಾರ ಮಾತಾಡಿದೆ. ಗಾಡಿ ಗುರುಗುಡುತ್ತಲೇ ಇತ್ತು. ಕೊನೆಗೆ ನಾನು ಅವರ ಬಾಗಿಲ ಮುಂದೆ ಬಂದಾಗ ಶಾಂತಾ ಹೊಸ್ತಿಲು ದಾಟಿ, ನನ್ನ ಕೊಡಕ್ಕೆ ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡು, "ಬರ್ತೀವಕ್ಕ" ಅಂದಳು. "ಹೋಗಿ ಬಾ, ಚಲೋ ಆಗ್ಲಿ" ಅಂದೆ. ಅದನ್ನು ಮಾತ್ರ ಮನಸಾರೆ ಹೇಳಿದೆ. ಪೂಜಾ ನಾನು ಎತ್ತಿ ಆಡಿಸಿದ ಹುಡುಗಿ.

ಸಂಬಂಧ ಕೂಡಿತು. ಬಾಗಿಲು ತೆರೆಯಿತು. ಮಷೀನಿನ ಬೆಡ್‌ಶೀಟೂ ಹೋಯಿತು. ಈಗಲೂ ಕಾಲಿನ ವ್ಯಾಯಾಮಕ್ಕೆ ಆ ಮಷೀನಿನ ಮೇಲೇ ಕೂರುತ್ತೇನೆ. ಮಷೀನು ಬೇಕೋ ಕೈಯಲ್ಲಿ ಎತ್ತುವ ಭಾರ ಬೇಕೋ ಎಂದು ನನ್ನಂಥ ಕಾಯಿಲೆಯವರು ಫೋನು ಮಾಡಿ ಕೇಳುತ್ತಾರೆ. ನಿಂತರೆ ಬೀಳುತ್ತೀರಾದರೆ ಮಷೀನಿನ ಮೇಲೆ ಕೂಡ್ರಿ ಎನ್ನುತ್ತೇನೆ. ನಿಲ್ಲಲು ಬಂದ ಮೇಲೆ, ಡಾಕ್ಟರನ್ನೋ ಫಿಸಿಯೋದವರನ್ನೋ ಕೇಳಿ, ನಿಮಗೆ ನಾಳೆ ಏನು ಎತ್ತಬೇಕಾಗಿದೆಯೋ ಅದನ್ನೇ ಇವತ್ತು ಸ್ವಲ್ಪ ಎತ್ತಿರಿ.

ಗಂಗೆ ತರುವ ದಿನ ಬಂತು. ಟ್ಯಾಂಕಿನ ನಲ್ಲಿಗೆ ಅರಿಶಿನ ಹಚ್ಚಿ, ಹೂ ಏರಿಸಿ, ಉಡಿ ತುಂಬಿದೆವು. ಅಟ್ಟದಿಂದ ಇಳಿದ ತಾಮ್ರದ ಕೊಡ ಹುಣಸೆಹಣ್ಣಿನಲ್ಲಿ ಬೆಳಗಿ ಫಳಫಳ ಹೊಳೆಯುತ್ತಿತ್ತು. ತುಂಬಿದ ಮೇಲೆ ಯಾರೋ ಎತ್ತಿಕೊಡಲು ಬಂದರು. ಬೇಡ ಎಂದು ಮೊಣಕಾಲು ಮಡಿಸಿ, ಉಸಿರು ಹಿಡಿದು, ನಾನೇ ಸೊಂಟಕ್ಕೇರಿಸಿದೆ. ಮಂಜು ಅಲ್ಲೇ ನಿಂತಿದ್ದ, ಮುಖ ಆ ಕಡೆ ತಿರುಗಿಸಿಕೊಂಡ. ಎರಡನೆಯ ಕೊಡ ಶಾಂತಾಳದು. ಬಾಜಾದವರು ಮುಂದೆ, ಹಿಂದೆ ನಾನು, ನನ್ನ ಹಿಂದೆ ಆಕೆ.

ಅರ್ಧ ಓಣಿ ಬರುವಷ್ಟರಲ್ಲಿ ನನ್ನ ತೊಡೆ ನಡುಗತೊಡಗಿತು. ಏದುಸಿರು ಕೇಳಿಸಿತು. ನನ್ನದೇ ಎಂದುಕೊಂಡೆ. ನನ್ನದಲ್ಲ, ಹಿಂದಿನಿಂದ ಬರುತ್ತಿತ್ತು. ಮನೆಗೆ ನಲ್ಲಿ ಬಂದ ಮೇಲೆ ಶಾಂತಾ ಕೊಡ ಹೊತ್ತವಳೇ ಅಲ್ಲ. ರೇಷ್ಮೆ ಸೀರೆ ಜಾರುತ್ತಿತ್ತು ಎಂದು ಆಕೆ ಇವತ್ತಿಗೂ ಹೇಳುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಅಕ್ಕಾ," ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಅಂದಳು. "ಸ್ವಲ್ಪ ನಿಂದ್ರಕ್ಕ. ನನಗ ಆಗವಲ್ದು."

ಕಾಯಿಲೆ ಬಿದ್ದಾಗಿನಿಂದ ನಿಲ್ಲಿರಿ, ತಡೆಯಿರಿ, ನನಗೆ ಆಗುತ್ತಿಲ್ಲ ಎನ್ನುವ ಮಾತು ನನ್ನ ಬಾಯಿಯದಾಗಿತ್ತು. ಬೇರೆಯವರು ಅದನ್ನು ನನಗೆ ಹೇಳಿದ್ದು ಅದೇ ಮೊದಲು. ನಾನು ನಿಲ್ಲಲಿಲ್ಲ. ನಿಂತಿದ್ದರೆ ಮತ್ತೆ ಹೆಜ್ಜೆ ಏಳುತ್ತಿರಲಿಲ್ಲ. ಕೇಳಿದವರಿಗೆಲ್ಲ ನಾನು ಇದೇ ಕಾರಣ ಹೇಳುತ್ತೇನೆ, ಅದು ಸುಳ್ಳೂ ಅಲ್ಲ.

ಹೊಸ್ತಿಲ ಒಳಗೆ ಕೊಡ ಇಳಿಸಿ, ಬಾಗಿಲಿಗೆ ಬಂದು ನಿಂತು, ಆಕೆ ಬರುವುದನ್ನು ಕಾದೆ. ಕಾಯುವುದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಬಂದಳು. ಆ ಬಳೆ ತುಂಬಿದ ಕೈ ಗಡಗಡ ನಡುಗುತ್ತಿತ್ತು. ಎರಡೂ ಕೈ ಚಾಚಿ ಆಕೆಯ ಕೊಡ ಇಳಿಸಿಕೊಂಡೆ, ಸೆರಗಿನಿಂದ ಆಕೆಯ ಮುಖ ಒರೆಸಿದೆ.

"ಅಳಬ್ಯಾಡ ಶಾಂತಾ," ಅಂದೆ. "ನಾ ಅದೀನಲ್ಲ."